ಕರಟದಲ್ಲಿ ಹಿಡಿದ ಪೆಟ್ರೋಲು

ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಯ ಮುದ್ದೆಗೂ ಸಾರಿಗೂ ಪೆಟ್ರೋಲಿನ ವಾಸನೆ ಇತ್ತು. ಹೊಗೆಯ ವಾಸನೆ, ಗಂಜಲದ ವಾಸನೆ, ಹುರಿದ ಹುಚ್ಚೆಳ್ಳಿನ ವಾಸನೆ ಚಿನಕುರಳಿಯ ಎಲ್ಲ ಮನೆಗಳಲ್ಲೂ ಇದ್ದವು. ಪೆಟ್ರೋಲಿನದು ಮಾತ್ರ ನಮ್ಮ ಮನೆಯೊಂದರದೇ. ನಮ್ಮದು ಹಳೇ ಕಾಲದ ಹೆಂಚಿನ ಮನೆ. ಹೊಸ್ತಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ನಾವು ಕೂತೇಳುವ ಜಗಲಿ, ಎದುರಿಗೆ ಅಡುಗೆ ಒಲೆ, ಅದರಾಚೆ ಸ್ನಾನದ ನೀರು ಕಾಯಿಸುವ ಒಲೆ. ದನಗಳೂ ನಾವೂ ಒಂದೇ ಸೂರಿನ ಕೆಳಗೆ. ದನದ ಜಾಗದಲ್ಲಿ ಕರಿಯ, ಕೆಂಚ ಎಂಬ ಎರಡು ಎತ್ತು ಇದ್ದವು. ಊರಿಗೆ ಬಾಡಿಗೆ ಟ್ರಾಕ್ಟರು ಬಂದ ಮೇಲೆ ಎತ್ತುಗಳಿಗೆ ಮೇವು ಹಾಕುವುದೇ ಕೆಲಸವಾಯಿತು, ಅವುಗಳಿಂದ ಕೆಲಸವಿಲ್ಲದಾಯಿತು. ಅಪ್ಪ ಜೋಡಿಯನ್ನು ಮಾರಿ, ಕೆ.ಆರ್. ಪೇಟೆಗೆ ಒಬ್ಬನೇ ಹೋಗಿ, ಹಳೆಯದೊಂದು ಕಪ್ಪು ಮೋಟರ್ ಸೈಕಲ್ ಓಡಿಸಿಕೊಂಡು ಬಂದ. ಬದನೆ, ಹುರುಳಿಕಾಯಿ ಮೂಟೆಗಳನ್ನು ಹಿಂದೆ ಹೇರಿಕೊಂಡು ಪಾಂಡವಪುರ, ಶ್ರೀರಂಗಪಟ್ಟಣದ ಸಂತೆಗಳಿಗೆ ಹೋಗುವುದು ಅವನ ಲೆಕ್ಕಾಚಾರ. ಗಾಡಿಯನ್ನು ತಂದು ಎತ್ತಿನ ಜಾಗದಲ್ಲೇ, ಮೇವು ಹಾಕುವ ಗೊಂತಿಗೆ ಮುಖ ಮಾಡಿ ನಿಲ್ಲಿಸಿದ. ಅಪ್ಪನ ತಾಯಿ, ನಮ್ಮಜ್ಜಿ, ಅದರ ಹೆಡ್‌ಲೈಟಿಗೆ ಕುಂಕುಮ ಇಟ್ಟು ಕರಿಯ ಎಂದು ಕರೆದಳು. ಅಂದಿನಿಂದ ಅದು ಕರಿಯ.

ಕರಿಯ ಸೋರುತ್ತಿತ್ತು. ಟ್ಯಾಂಕಿನಿಂದ ಬರುವ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬರೇಟರಿನ ಹೊಟ್ಟೆಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಟ್ಯಾಂಕಿನ ತಿರುಪು ಮುಚ್ಚಿದರೆ ನಿಲ್ಲಬೇಕು. ಆದರೆ ಹಳೇ ಗಾಡಿಯಲ್ಲಿ ಒಂದು ಕೆಟ್ಟರೆ ಅದರ ನೆಂಟರೂ ಕೆಟ್ಟಿರುತ್ತಾರೆ, ತಿರುಪಿನ ವಾಷರೂ ಸವೆದಿತ್ತು. ಅಪ್ಪ ಅದರಡಿಗೆ ತೆಂಗಿನ ಕರಟ ಇಟ್ಟಿದ್ದ. ಬೆಳಿಗ್ಗೆ ಕರಟದಲ್ಲಿ ಹಿಡಿದದ್ದನ್ನು ಬಟ್ಟೆಯಲ್ಲಿ ಸೋಸಿ ವಾಪಸ್ಸು ಟ್ಯಾಂಕಿಗೆ ಸುರಿಯುತ್ತಿದ್ದ.

"ಕರಿಯ ಗಂಜಲ ಹುಯ್ದವ್ನೆ, ಎತ್ತಿಡ್ಲಾ," ಎಂದು ಅಜ್ಜಿ ನಗುತ್ತಿದ್ದಳು.

ಅವ್ವನಿಗೆ ನಗು ಬರುತ್ತಿರಲಿಲ್ಲ. ಸೌದೆ ಒಲೆ ಹಚ್ಚುವ ಮೊದಲು ಅವಳು ಗಾಡಿಯನ್ನು ಹೊರಗೆ ತಳ್ಳಿಸುತ್ತಿದ್ದಳು, ಒಲೆ ಆರಿದ ಮೇಲೆ ಒಳಗೆ ಬಿಡುತ್ತಿದ್ದಳು. ಪೂರ್ತಿ ಹೊರಗೇ ಇರಲಿ ಎಂದರೆ ಅಜ್ಜಿ ಒಪ್ಪಳು. ಎತ್ತನ್ನು ಯಾರಾದರೂ ಬೀದಿಯಲ್ಲಿ ಕಟ್ಟುತ್ತಾರೆಯೇ ಎಂಬುದು ಅವಳ ಪ್ರಶ್ನೆ.

ಅವ್ವನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವಳು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವಳು, ಹೇಮಾವತಿ ದಂಡೆಯ ಹೆಣ್ಣು. ಅಜ್ಜಿ ನಾಗಮಂಗಲದ ಕಡೆಯವಳು. ಸಾರಿಗೆ ಹುಳಿ ಯಾವಾಗ ಬಿಡಬೇಕು ಎಂಬಲ್ಲಿಂದ ಹಿಡಿದು ಮಗುವಿಗೆ ಲಾಲಿ ಹೇಗೆ ಹಾಡಬೇಕು ಎಂಬುದರವರೆಗೆ, ಈ ಮನೆಗೆ ಯಾವುದನ್ನು ಯಾರ ತವರು ಕಲಿಸಿತು ಎಂಬ ಜಗಳ ಅವರಿಬ್ಬರ ನಡುವೆ ನಾನು ಹುಟ್ಟುವ ಮೊದಲೇ ಶುರುವಾಗಿತ್ತು. ಅದರಲ್ಲೂ ತೆಂಗಿನಕಾಯಿ. ಸಂತೆಯಲ್ಲಿ ಅವ್ವ ಒಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಂಡವಳಲ್ಲ. ಒಳಗೆ ನೀರು ಆಡುವ ಸದ್ದಿನಲ್ಲೇ ಕಾಯಿ ಬಲಿತಿದೆಯೋ, ಬಿರುಕು ಬಿಟ್ಟಿದೆಯೋ, ಕೊಳೆತಿದೆಯೋ ಹೇಳುತ್ತಿದ್ದಳು. ಮಾರುವವನು ರೇಗಿದರೆ ನಗುನಗುತ್ತಲೇ ಇನ್ನೊಂದು ಅಲ್ಲಾಡಿಸುವಳು. ವ್ಯಾಪಾರ ಮುಗಿದು ಕಾಸು ಕೊಟ್ಟ ಮೇಲೂ ಕೊಸರು ಕೇಳದೆ ಏಳುತ್ತಿರಲಿಲ್ಲ. ಒಂದು ಕಂತೆ ಕರಿಬೇವು, ಒಂದು ಬದನೆಕಾಯಿ, ಏನೂ ಇಲ್ಲದಿದ್ದರೆ ಕಾಯಿ ತುಂಬಿ ತಂದಿದ್ದ ಹಳೇ ಖಾಲಿ ಗೋಣಿಚೀಲ. ಈ ಅಲ್ಲಾಡಿಸುವ ವಿದ್ಯೆ ತಾನು ಕಲಿಸಿದ್ದು ಎಂದು ಅಜ್ಜಿ, ಅಕ್ಕಿಹೆಬ್ಬಾಳಿನಿಂದ ಬರುವಾಗಲೇ ತಂದದ್ದು ಎಂದು ಅವ್ವ. ಈ ಒಂದರಲ್ಲಿ ಅದುವರೆಗೆ ಇಬ್ಬರೂ ಒಂದು ಎಳೆಯಷ್ಟೂ ಬಿಟ್ಟುಕೊಟ್ಟವರಲ್ಲ. ಇಂದು ಶ್ರೀರಂಗಪಟ್ಟಣದಲ್ಲಿ ಹಳೇ ದ್ವಿಚಕ್ರ ವಾಹನಗಳ ವ್ಯಾಪಾರ ಮಾಡಿಕೊಂಡು ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದೇನೆಂದರೆ, ಅದರ ಬುಡ ಆ ತೆಂಗಿನಕಾಯಿಯಲ್ಲಿದೆ. ಗಾಡಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಬಣ್ಣ ನೋಡಬೇಡಿ, ಮೊದಲು ಕಿವಿಗೆ ಕೆಲಸ ಕೊಡಿ. ಇನ್ನೊಂದು, ಒಬ್ಬರೇ ಹೋಗಬೇಡಿ. ಅಪ್ಪ ಕೆ.ಆರ್. ಪೇಟೆಗೆ ಒಬ್ಬನೇ ಹೋದದ್ದನ್ನು ಅವ್ವ ಕೊನೆಯವರೆಗೂ ಮರೆಯಲಿಲ್ಲ.

ಎತ್ತು ಮಾರಲು ಅಜ್ಜಿ ಸುಮ್ಮನೆ ಒಪ್ಪಿರಲಿಲ್ಲ. ನಮ್ಮ ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು ಕಟ್ಟಿ, ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಅದರ ಮೇಲೆ ಹಾರಿಸುತ್ತಾರೆ. ಅದೇ ಕಿಚ್ಚು ಹಾಯಿಸುವುದು. ಹಗ್ಗ ಹಿಡಿದವನೂ ಎತ್ತಿನ ಜೊತೆಯಲ್ಲೇ ಓಡಿ ಹಾಯಬೇಕು. ತಾತ ತೀರಿಕೊಂಡ ವರ್ಷ ಅಪ್ಪ ಇನ್ನೂ ಚಿಕ್ಕವನು. ಆ ಮನೆಯ ಎತ್ತು ಈ ಸಲ ಹಾಯುವುದಿಲ್ಲ ಎಂದು ಊರವರು ಮಾತಾಡಿಕೊಳ್ಳುತ್ತಿದ್ದಾಗ, ಅಜ್ಜಿ ಸೀರೆ ಎತ್ತಿ ಕಟ್ಟಿ ತಾನೇ ಹಗ್ಗ ಹಿಡಿದು ಓಡಿದ್ದಳಂತೆ. ಹೆಂಗಸರು ಹಿಡಿಯುವ ಹಗ್ಗ ಅದಲ್ಲ. ಆದರೂ ಅವಳನ್ನು ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಆ ದಿನ ಹಾಯ್ದದ್ದಕ್ಕೇ ಈ ಮನೆ ನಿಂತಿದೆ ಎಂಬುದು ಅವಳ ನಂಬಿಕೆ. ಹಾಗಾಗಿ ಎತ್ತಿನ ಮಾತು ಬಂದಾಗ ಅವಳು ಅಪ್ಪನಿಗೆ ಕರಾರು ಹಾಕಿದ್ದಳು.

"ಎತ್ತಿನ ಜಾಗದಲ್ಲಿ ಏನ್ ನಿಲ್ಲುಸ್ತೀಯೋ ಅದು ಸಂಕ್ರಾಂತಿಗೆ ಕಿಚ್ಚು ಹಾಯ್ಬೇಕು. ಆಯ್ತದೇನ್ಲಾ?"

"ಆಯ್ತು ಬುಡವ್ವ, ಹಾಯ್ಸನ."

ಸಂಕ್ರಾಂತಿ ದೂರವಿತ್ತು, ಅಪ್ಪ ಆಯ್ತು ಎಂದುಬಿಟ್ಟ. ಮನೆಯಲ್ಲಿ ಉಳಿದಿದ್ದದ್ದು ಒಂದು ಎಮ್ಮೆ. ಎಮ್ಮೆಯನ್ನು ಕಿಚ್ಚಿನ ಮುಂದೆ ನಿಲ್ಲಿಸಿದರೆ ಅದು ಬೆಂಕಿ ಕಾಯಿಸಿಕೊಂಡು ನಿಲ್ಲುತ್ತದೆ. ಹಾಯಬೇಕಾದದ್ದು ಕರಿಯನೇ.

ಹಬ್ಬ ಹತ್ತಿರ ಬಂದಂತೆ ಅವ್ವ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು.

"ಅಲ್ಲ ಕನ್ರೀ, ಸೀಮೆಎಣ್ಣೆ ಬುಡ್ಡೀನ ಒಲೆ ಹತ್ರ ಇಡ್ಬ್ಯಾಡ ಅಂತೀರಿ. ಪೆಟ್ರೋಲ್ ತೊಟ್ಟಿಕ್ಕೋ ಗಾಡೀನ ಉರಿ ಮ್ಯಾಲೆ ಓಡುಸ್ತೀನಿ ಅಂತೀರಲ್ಲ, ತಲೆಗಿಲೆ ಕೆಟ್ಟದಾ?"

"ಒಂದ್ ಗಳಿಗೆ ಕನೆ. ಸುಯ್ ಅಂತ ಹಾಯ್ದ್‌ಬುಟ್ರೆ ಆಯ್ತು."

"ಸುಯ್ ಅಂತ ಹತ್ಕಳಾದೂ ಒಂದೇ ಗಳಿಗೆ."

ಅಪ್ಪ ಇಕ್ಕಟ್ಟಿಗೆ ಸಿಕ್ಕಿಬಿದ್ದ. ತಾಯಿಗೆ ಕೊಟ್ಟ ಮಾತು ಒಂದು ಕಡೆ, ಹೆಂಡತಿ ಹೇಳುವ ನಿಜ ಒಂದು ಕಡೆ. ಅವ್ವ ಕೊನೆಯ ಮಾತು ಹೇಳಿಬಿಟ್ಟಳು.

"ಸೋರೋದು ನಿಂತ್ರೆ ಹಾಯ್ಸಿ, ನಾನೇ ಆರತಿ ಎತ್ತೀನಿ. ನಿಲ್ಲಲಿಲ್ವಾ, ಕಿಚ್ಚಿಗೆ ಅಡ್ಡ ಕೂತ್ಕತೀನಿ. ನನ್ನ ದಾಟ್ಕಂಡ್ ಹೋಗಿ."

ಅಡ್ಡ ಕೂರುತ್ತೇನೆ ಎಂದರೆ ಅವಳು ಕೂರುವವಳೇ. ಊರೆಲ್ಲ ಸೇರಿದ ಬೀದಿಯಲ್ಲಿ ಸೊಸೆ ಕೂತರೆ ಅಜ್ಜಿಯ ಮರ್ಯಾದೆ ಎಲ್ಲಿ ಉಳಿಯುತ್ತದೆ? ಕೂರದೆ ಬಿಟ್ಟರೆ ಅಪ್ಪ ಉಳಿಯುತ್ತಾನೆಯೇ? ಹಬ್ಬದ ಹಿಂದಿನ ದಿನ ಅಪ್ಪ ಪಾಂಡವಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಇಮ್ತಿಯಾಜಣ್ಣನ ಹತ್ತಿರ ಹೋಗಿ ಕಾರ್ಬರೇಟರಿನೊಳಗೆ ಪೆಟ್ರೋಲು ತಡೆಯುವ ಸೂಜಿಯನ್ನು ಬದಲಾಯಿಸಿಕೊಂಡು ಬಂದ. ಹಿಂದೆಯೂ ಬದಲಾಯಿಸಿದ್ದ. ಸಂಕ್ರಾಂತಿ ಬೆಳಿಗ್ಗೆ ಕರಿಯನನ್ನು ನಾಲೆಗೆ ಒಯ್ದು, ಎತ್ತಿಗೆ ತಿಕ್ಕಿದಂತೆ ಹುಲ್ಲಿನ ಸಿಂಬೆಯಲ್ಲಿ ತಿಕ್ಕಿ ತೊಳೆದು ತಂದ. ಅಜ್ಜಿ ಹ್ಯಾಂಡಲ್ಲಿಗೆ ಸೇವಂತಿಗೆ ಸುತ್ತಿದಳು. ನಾನು ಬಗ್ಗಿ ನೋಡಿದೆ. ಕರಟಕ್ಕೆ ತೊಟ್ಟು ಬಿತ್ತು. ಅವ್ವನೂ ನೋಡಿದಳು. ಅವರೆಕಾಯಿ ಮೊರ ಎತ್ತಿಕೊಂಡು ಅಂಗಳಕ್ಕೆ ಬಂದು ಕೂತಳು.

ಅಪ್ಪ ಅಂಗಳದಲ್ಲಿ ಗೋಣಿ ಹಾಸಿ, ಟ್ಯಾಂಕನ್ನು ಕ್ಯಾನಿಗೆ ಬಸಿದು, ಸ್ಪ್ಯಾನರು ಹಿಡಿದು ತಾನೇ ಕಾರ್ಬರೇಟರು ಬಿಚ್ಚಿದ. ನೋಡಿ ನೋಡಿ ಬಿಚ್ಚುವುದು ಅವನಿಗೆ ಬರುತ್ತಿತ್ತು. ಅದರ ಹೊಟ್ಟೆಯಲ್ಲಿ ಒಂದು ಹಿತ್ತಾಳೆಯ ಬುರುಡೆ ಇತ್ತು. ಅಜ್ಜಿಯ ಸುಣ್ಣದ ಡಬ್ಬಿಯಷ್ಟು ದಪ್ಪ, ಎಲ್ಲ ಕಡೆಯಿಂದಲೂ ಮುಚ್ಚಿದ್ದು. ಮೆಕ್ಯಾನಿಕ್ಕುಗಳು ಅದನ್ನು ಫ್ಲೋಟು ಎನ್ನುತ್ತಾರೆ. ಈಗ ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ಅದೇ ಕೆಲಸ. ಪೆಟ್ರೋಲು ತುಂಬಿದಂತೆ ಬುರುಡೆ ತೇಲಿ ಮೇಲೇಳುತ್ತದೆ, ಮೇಲೆದ್ದು ಸೂಜಿಯನ್ನು ಒತ್ತುತ್ತದೆ, ಸೂಜಿ ದಾರಿ ಮುಚ್ಚುತ್ತದೆ. ಅಪ್ಪ ಒಂದೊಂದೇ ಬಿಡಿಭಾಗ ಒರೆಸಿ ಗೋಣಿಯ ಮೇಲೆ ಇಡುತ್ತಿದ್ದ. ಹತ್ತಿರವೇ ಕೂತಿದ್ದ ಅವ್ವ ಅವರೆಕಾಯಿ ಬಿಟ್ಟು ಆ ಬುರುಡೆಯನ್ನು ಕೈಗೆತ್ತಿಕೊಂಡಳು. ತಿರುಗಿಸಿ ನೋಡಿದಳು. ಆಮೇಲೆ, ಅವಳ ಕೈಗೆ ಬೇರೆ ದಾರಿಯೇ ಗೊತ್ತಿಲ್ಲದ ಹಾಗೆ, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದೇನ್ರೀ, ಗುಳುಗುಳು ಅಂತದೆ?"

"ಪೆಟ್ರೋಲಲ್ಲಿ ಇದ್ದುದ್ದು ಕನೆ, ಒದ್ದೆ ಇರ್ತದೆ."

"ಒದ್ದೆ ಅಲ್ಲ, ಒಳ್ಗೆ. ಎಳನೀರು ಆಡ್ದಂಗೆ ಆಡ್ತದೆ. ಇದ್ರೊಳ್ಗೆ ಏನಿರ್ಬೇಕು?"

ಅಪ್ಪ ಸ್ಪ್ಯಾನರು ಕೆಳಗಿಟ್ಟ. "ಗಾಳಿ. ಬರೀ ಗಾಳಿ ಇರ್ಬೇಕು."

"ಅಂಗಾರೆ ಕಾಯಿ ಕೆಟ್ಟದೆ ಬುಡಿ."

ಬುರುಡೆ ಅಪ್ಪನ ಕಿವಿಗೆ ಹೋಯಿತು, ನನ್ನ ಕಿವಿಗೆ ಬಂತು. ನಿಜ, ಒಳಗೆ ಏನೋ ಸಣ್ಣಗೆ ಹೊರಳುತ್ತಿತ್ತು. ಅಜ್ಜಿಯೂ ಕಸಿದುಕೊಂಡು ಅಲ್ಲಾಡಿಸಿದಳು. ಅವಳಿಗೆ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು.

"ನಂಗೇನೂ ಕೇಳಾಕಿಲ್ಲ. ಆದ್ರೂ ಅದೆ ಅನ್ಸ್ತದೆ," ಎಂದಳು.

ಸೂಜಿಯದು ತಪ್ಪಿರಲಿಲ್ಲ. ಬುರುಡೆಗೆ ಎಲ್ಲೋ ತೂತಾಗಿ, ಪೆಟ್ರೋಲು ಒಳಗೆ ಸೇರಿ, ಅದು ತೇಲುವ ಬದಲು ಅರ್ಧ ಮುಳುಗಿ ಕೂತಿತ್ತು. ತೂತು ಕಣ್ಣಿಗೆ ಕಾಣಲಿಲ್ಲ. ಅಪ್ಪ ಸೈಕಲ್ ಟ್ಯೂಬಿಗೆ ಮಾಡುವಂತೆ ಬಕೆಟ್ಟಿನ ನೀರಿಗೆ ಅದ್ದಿದ. ಒಂದು ಗುಳ್ಳೆಯೂ ಬರಲಿಲ್ಲ.

"ತಣ್ಣೀರಲ್ಲಿ ಮೊಟ್ಟೆ ಇಕ್ಕುದ್ರೆ ಗುಳ್ಳೆ ಬತ್ತದಾ? ಬಿಸಿನೀರಿಗೆ ಹಾಕಿ," ಎಂದು ಅವ್ವ ಒಳಗೆ ಹೋಗಿ ಹಂಡೆಯಿಂದ ಕುದಿಯುವ ನೀರನ್ನು ಪಾತ್ರೆಗೆ ಮೊಗೆದು, ಒಲೆಯಿಂದ ದೂರಕ್ಕೆ, ಅಂಗಳದ ತುದಿಗೆ ತಂದಿಟ್ಟಳು. ಅಡುಗೆ ಮಾಡುವವರಿಗೆ ಬೆಂಕಿಯನ್ನು ಎಲ್ಲಿಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬುರುಡೆ ಬಿಸಿನೀರಿಗೆ ಇಳಿದದ್ದೇ ತಡ, ಬೆಸುಗೆಯ ಅಂಚಿನಿಂದ ಸಾಸಿವೆಯಂಥ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದು ಅಲ್ಲೇ ಗೀರಿ ಗುರುತು ಮಾಡಿದಳು. ಆಮೇಲೆ ಗುರುತು ಕೆಳಗಾಗುವಂತೆ ಚಿಮಟದಲ್ಲಿ ಹಿಡಿದು, ಒಳಗಿನದೆಲ್ಲ ಹೊರಗೆ ಬಂದು ಗುಳ್ಳೆ ನಿಲ್ಲುವವರೆಗೆ ಬಿಡಲಿಲ್ಲ. ಮತ್ತೆ ಅಲ್ಲಾಡಿಸಿದರೆ ಸದ್ದಿಲ್ಲ.

ಅಪ್ಪನೂ ನಾನೂ ಬುರುಡೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಕಬ್ಬಿನ ಜಲ್ಲೆ ಹಿಡಿದ ನೆಂಟರಿಂದ ಬಸ್ಸು ತುಂಬಿತ್ತು. ಇಮ್ತಿಯಾಜಣ್ಣನ ಅಂಗಡಿ ತೆಗೆದಿತ್ತು. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಇಮ್ತಿಯಾಜಣ್ಣ ಗುರುತನ್ನು ನೋಡಿ ಹಣೆ ಚಚ್ಚಿಕೊಂಡು ನಕ್ಕ.

"ಅರೆ ಅಲ್ಲಾ! ಸೂಜಿ ಸೂಜಿ ಅಂತ ಸೂಜಿ ಹಿಂದೇನೇ ಬಿದ್ದಿದ್ನಲ್ಲಣ್ಣ. ಭಾಬಿನ ನಮ್ಮ ಅಂಗ್ಡೀಗೆ ಕಳ್ಸಿ, ನೀವ್ ಮನೇಲಿ ಮುದ್ದೆ ತಿರುವಿ."

"ಅವ್ಳು ಬಂದ್ರೆ ನಿನ್ ರೇಟ್ ಅರ್ಧಕ್ಕೆ ಇಳುಸ್ತಾಳೆ ಕಣ್ಲಾ," ಎಂದ ಅಪ್ಪ.

ನಗುತ್ತಲೇ ಇಮ್ತಿಯಾಜಣ್ಣ ಕೆಲಸಕ್ಕೆ ಕೂತ. ಅವನ ಕೈಚಳಕವನ್ನು ನಾನು ಇವತ್ತಿಗೂ ನನ್ನ ಅಂಗಡಿಯ ಹುಡುಗರಿಗೆ ಹೇಳುತ್ತೇನೆ. ಬೆಸುಗೆ ಹಾಕುವ ಮೊದಲು ಅವನೂ ಒಮ್ಮೆ ಅಲ್ಲಾಡಿಸಿ, ಮೂಸಿ, ಒಳಗೆ ಪೆಟ್ರೋಲಿಲ್ಲ ಎಂದು ಖಾತ್ರಿ ಮಾಡಿಕೊಂಡ. ಕಾದ ಕಬ್ಬಿಣದ ತುದಿಯಿಂದ ಒಂದೇ ಒಂದು ಹನಿ ಸೀಸ ಬಿಟ್ಟ. ಮತ್ತೆ ಅರದಿಂದ ಅದನ್ನೂ ತೆಳ್ಳಗೆ ಉಜ್ಜಿದ.

"ಜಾಸ್ತಿ ಹಾಕಿದ್ರೆ ಗಟ್ಟಿ ಅಲ್ವಾ?" ಎಂದೆ ನಾನು.

"ಜಾಸ್ತಿ ಹಾಕಿದ್ರೆ ಭಾರ ಆಯ್ತದೆ ಬೇಟಿ. ಭಾರ ಆದ್ರೆ ಮತ್ತೆ ಮುಳುಗ್ತದೆ. ತೂತಿಗೆ ಎಷ್ಟು ಬೇಕೋ ಅಷ್ಟೇ."

ಈ ಮಾತು ನನಗೆ ವ್ಯಾಪಾರದಲ್ಲಿ, ಸಂಸಾರದಲ್ಲಿ, ಎರಡರಲ್ಲೂ ಉಪಯೋಗಕ್ಕೆ ಬಂದಿದೆ. ಅವನು ಹಬ್ಬದ ದಿನವೆಂದು ಮಜೂರಿ ಮುಟ್ಟಲಿಲ್ಲ, ಎಳ್ಳುಬೆಲ್ಲ ಕಳಿಸಿ ಎಂದ. ತಿರುಪಿಗೂ ಹೊಸ ವಾಷರು ಕೊಟ್ಟ.

ಮನೆಗೆ ಬಂದು ಎಲ್ಲ ಜೋಡಿಸಿ ಟ್ಯಾಂಕಿಗೆ ಪೆಟ್ರೋಲು ಸುರಿದಾಗ ಮಧ್ಯಾಹ್ನ. ಅಪ್ಪ ಕರಟ ಇಡಲು ಹೋದ. ಅವ್ವ ಬೇಡವೆಂದಳು. ಜರಡಿ ಹಿಡಿದ ಒಲೆಯ ಬೂದಿಯನ್ನು ತಣ್ಣಗೆ ಮಾಡಿ ತಂದು ಕಾರ್ಬರೇಟರಿನ ಕೆಳಗೆ ರಂಗೋಲಿಪುಡಿ ಹರಡಿದಂತೆ ನುಣ್ಣಗೆ ಹರಡಿದಳು. ತಿರುಪನ್ನು ತೆರೆದೇ ಇಡಿಸಿದಳು. ಒಂದು ಹನಿ ಬಿದ್ದರೂ ಬೂದಿ ಸುಳ್ಳು ಹೇಳುವುದಿಲ್ಲ. ನಾವು ಸಿಹಿ ಪೊಂಗಲು, ಅವರೆಕಾಯಿ ಸಾರು, ಬೇಯಿಸಿದ ಗೆಣಸು ಎಲ್ಲ ಉಂಡೆವು. ಪ್ರತಿ ತುತ್ತಿಗೂ ಯಾರಾದರೊಬ್ಬರು ಬೂದಿಯ ಕಡೆ ಕತ್ತು ಚಾಚುತ್ತಿದ್ದರು. ಬೂದಿ ಹರಡಿದ ಹಾಗೇ ಇತ್ತು. ಸಾರಿನಿಂದ ಅವರೆಯ ಸೊಗಡು ಏಳುತ್ತಿತ್ತು, ಬರೀ ಅವರೆಯದು. ಎಷ್ಟೋ ದಿನದ ಮೇಲೆ ಅದನ್ನು ಮೂಸಿದ್ದೆವು. ಅಪ್ಪ ಎರಡನೇ ಸಲವೂ ಹಾಕಿಸಿಕೊಂಡ.

ಸಂಜೆ ಬೀದಿಯಲ್ಲಿ ಹುಲ್ಲು ಹತ್ತಿಕೊಂಡಿತು. ಊರಿನ ಎತ್ತುಗಳು, ಹಸುಗಳು ಗೆಜ್ಜೆ ಸದ್ದಿನೊಂದಿಗೆ ಹಾರಿ ಹೋದವು. ಕರಿಯ ಕೊನೆಯಲ್ಲಿ ನಿಂತಿದ್ದ, ಸೇವಂತಿಗೆ ಸುತ್ತಿಕೊಂಡು. ಪಡ್ಡೆ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. "ಕೊಂಬೆಲ್ಲಣ್ಣೋ ನಿಮ್ಮೆತ್ತಿಗೆ?" ಎಂದ ಒಬ್ಬ. ಅವ್ವ ಬಂದು ಗಾಡಿಯ ಅಡಿಗೆ ಅಂಗೈ ಒಡ್ಡಿ ನಿಂತಳು. ಕೈ ತೆಗೆದು ಮೂಸಿದಳು. ಒಣಗಿತ್ತು. ಆದರೂ ಉರಿಯ ಕಡೆ ನೋಡಿ ಅಜ್ಜಿಯತ್ತ ತಿರುಗಿದಳು.

"ಅತ್ತೆ, ಸೋರೋದ್ ನಿಂತದೆ. ನನ್ ಮಾತು ನಂಗೆ ಗ್ಯಾನ ಅದೆ, ಅಡ್ಡ ಕೂರಾಕಿಲ್ಲ. ಆದ್ರೂ ಟ್ಯಾಂಕ್ ತುಂಬ ಪೆಟ್ರೋಲದೆ. ಉರಿ ಇಳೀಲಿ."

"ಉರಿ ಇಳುದ್ರೆ ಕಿಚ್ಚು ಅನ್ತಾರೇನಮ್ಮಿ? ಮೊಣಕಾಲುದ್ದ ಇರ್ಲಿ."

"ಹಿಮ್ಮಡಿ ಉದ್ದನೂ ಬ್ಯಾಡ. ಹೊಗೆ ಇರ್ಲಿ."

"ಬರೀ ಹೊಗೆಯಾ? ಊರೋರ್ ನಗಾಕಿಲ್ವಾ?"

"ನಿಮ್ ಮಗ ನಾಳೆ ಹೊತ್ತಾರೆ ಸಂತೆಗೆ ಹೋಗ್ಬೇಕು. ನಗೋರು ನಗ್ಲಿ ಬುಡಿ."

ಅಪ್ಪ ಇಬ್ಬರ ನಡುವೆ ಸಂತೆಗೆ ತಂದ ಹೋರಿಯ ಹಾಗೆ ನಿಂತಿದ್ದ. ಅಜ್ಜಿ ಉರಿಯನ್ನು ನೋಡಿದಳು. ಆಮೇಲೆ ಸೊಸೆಯ ಕೈಯನ್ನು ನೋಡಿದಳು, ಬೆಳಿಗ್ಗೆಯ ಬಿಸಿನೀರು ಸಿಡಿದು ಬೆರಳು ಕೆಂಪಾಗಿದ್ದವು. ಅಷ್ಟರಲ್ಲಿ ಹುಲ್ಲೂ ಕುಸಿಯುತ್ತಿತ್ತು.

"ಆಯ್ತು. ಹೊಗೆ ಮ್ಯಾಲೆ ಹಾಯ್ಲಿ," ಎಂದಳು ಅಜ್ಜಿ. "ಆದ್ರೆ ಕೊಸರು ಕೊಡ್ಬೇಕು ನಂಗೆ."

"ಏನ್ ಕೊಸರು?"

"ಹಗ್ಗ ಹಿಡ್ದೋರು ಎತ್ತಿನ್ ಜೊತೆ ಹಾಯ್ಬೇಕು. ನಾನೂ ಕೂರ್ತೀನಿ."

ಗಾಡಿ ಬಂದು ಅಷ್ಟು ತಿಂಗಳಾದರೂ ಅಜ್ಜಿ ಅದರ ಮೇಲೆ ಕೂತವಳಲ್ಲ. ಅವ್ವ ಕೋಲಿನಿಂದ ಕೆಂಡಗಳನ್ನು ಪಕ್ಕಕ್ಕೆ ಸರಿಸುವಂತೆ ಹುಡುಗರಿಗೆ ಹೇಳಿ, ಬೂದಿಯ ಮೇಲೆ ಸಣ್ಣಗೆ ಹೊಗೆಯಷ್ಟೇ ಉಳಿಯುವವರೆಗೆ ಕಾದಳು. ಅಜ್ಜಿಯನ್ನು ತಾನೇ ಎತ್ತಿ ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕೂರಿಸಿ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮತ್ತೊಮ್ಮೆ ಅಂಗೈ ಒಡ್ಡಿ ಮೂಸಿದಳು. ಆಮೇಲೆ ಆರತಿ ಎತ್ತಿ, "ಹೋಗ್ಬನ್ನಿ," ಎಂದಳು. ಅಪ್ಪ ಕಿಕ್ ಒದ್ದ, ಕರಿಯ ಒಂದೇ ಏಟಿಗೆ ಗುಡುಗಿದ. ಬೂದಿ ಹಾರಿತು, ಹೊಗೆ ಸೀಳಿತು. ಹೊಗೆಯೊಳಗಿಂದ ಅಜ್ಜಿಯ ಕೂಗು ಕೇಳಿತು. ಹೆದರಿಕೆಯ ಕೂಗಲ್ಲ, ಎತ್ತನ್ನು ಹುರಿದುಂಬಿಸುವ ಕೂಗು. ಸಿಳ್ಳೆ ಹೊಡೆಯುತ್ತಿದ್ದ ಹುಡುಗರೂ ಆ ಕೂಗಿಗೆ ದನಿ ಸೇರಿಸಿ ಗಾಡಿಯ ಹಿಂದೆ ಓಡಿದರು.

ತಿರುಗಿ ಬಂದಾಗ ಅವಳ ಬಿಳಿ ಕೂದಲ ಮೇಲೆಲ್ಲ ಬೂದಿ. ಇಳಿದು, ಎತ್ತಿನ ಬೆನ್ನು ತಟ್ಟುವಂತೆ ಟ್ಯಾಂಕನ್ನು ತಟ್ಟಿದಳು. ಸುತ್ತ ನಿಂತ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು:

"ಆ ಬುರುಡೆ ಅಲ್ಲಾಡ್ಸಿ ನೋಡಿದ್ಲಲ್ಲ ನನ್ ಸೊಸೆ, ಆ ಇದ್ಯೆ ನಾನ್ ಕಲ್ಸಿದ್ದು ಕನ್ರವ್ವ."

ನಾನು ಅವ್ವನ ಮುಖ ನೋಡಿದೆ. ಅಕ್ಕಿಹೆಬ್ಬಾಳು ಈಗ ಬಾಯಿಗೆ ಬರುತ್ತದೆ ಎಂದು ಕಾದೆ. ಅವ್ವ ಸೆರಗಿನ ತುದಿಯಿಂದ ಅತ್ತೆಯ ತಲೆಯ ಬೂದಿ ಒರೆಸುತ್ತಿದ್ದಳು.

"ಊ ಕನತ್ತೆ," ಎಂದಳು. "ನೀವೇ ಕಲ್ಸಿದ್ದು."